ಬಣ್ಣ ಕೆಡದಂತೆ ಕಾರಿನ ಲೋಗೋ ಬಿಚ್ಚುವುದು, ಮತ್ತೆ ಅಂಟಿಸುವುದು

ಟ್ರಾಫಿಕ್‌ನಲ್ಲಿ ಹಿಂದಿನ ಗಾಡಿ ಮೆಲ್ಲಗೆ ತಾಗಿ ಡಿಕ್ಕಿ ಬಾಗಿಲು ನೆಗ್ಗುವುದು ಬೆಂಗಳೂರಿನಲ್ಲಿ ದಿನಾ ನಡೆಯುವ ಸಂಗತಿ. ನೆಗ್ಗು ತೆಗೆಸಿ ಪೇಂಟ್ ಮಾಡಿಸುವಾಗ ಕೆಲವು ಗ್ಯಾರೇಜ್‌ಗಳಲ್ಲಿ ಲೋಗೋ ಬಿಚ್ಚುವ ಗೋಜಿಗೇ ಹೋಗುವುದಿಲ್ಲ. ಸುತ್ತ ಮಾಸ್ಕಿಂಗ್ ಟೇಪ್ ಅಂಟಿಸಿ ಸ್ಪ್ರೇ ಹೊಡೆದುಬಿಡುತ್ತಾರೆ. ಗಾಡಿ ಡೆಲಿವರಿ ತಗೊಳ್ಳುವ ದಿನ ಎಲ್ಲವೂ ಚೆನ್ನಾಗಿಯೇ ಕಾಣುತ್ತದೆ. ಆದರೆ ಅಕ್ಷರಗಳ ಅಂಚಿನಲ್ಲಿ ಹೊಸ ಕ್ಲಿಯರ್ ಕೋಟ್, ಅಂದರೆ ಬಣ್ಣದ ಮೇಲೆ ಹೊಡೆಯುವ ಪಾರದರ್ಶಕ ಪದರ, ಒಂದು ಸಣ್ಣ ಮೆಟ್ಟಿಲಿನ ಹಾಗೆ ನಿಂತಿರುತ್ತದೆ, ನೀರು ಅಲ್ಲಿಂದಲೇ ಒಳಗೆ ಇಳಿಯುತ್ತದೆ. ಒಂದೆರಡು ಮಳೆಗಾಲ ಕಳೆಯುವಷ್ಟರಲ್ಲಿ ಸಿಪ್ಪೆ ಏಳಲು ಶುರುವಾಗುವುದು ಅಲ್ಲಿಂದಲೇ. ಹಾಗಾಗಿ ಪೇಂಟ್‌ಗೆ ಬಿಡುವ ಮೊದಲೇ ಲೋಗೋ ಬಿಚ್ಚಿಸಿ, ಇಲ್ಲವೇ ನೀವೇ ಬಿಚ್ಚಿಕೊಡಿ. ಅರ್ಧ ದಿನ ಬಿಡುವಿದ್ದರೆ ಮನೆಯಲ್ಲೇ ಆಗುವ ಕೆಲಸ.

ಇಡೀ ಕೆಲಸದಲ್ಲಿ ನೆನಪಿಡಬೇಕಾದ್ದು ಇಷ್ಟು: ಲೋಗೋವನ್ನು ಕೀಳಬಾರದು, ಕೊಯ್ಯಬೇಕು. ಅದನ್ನು ಹಿಡಿದಿರುವುದು ಅಕ್ರಿಲಿಕ್ ಫೋಮ್‌ನ ಡಬಲ್ ಸೈಡ್ ಟೇಪ್. ಈ ಫೋಮ್‌ನ ಗುಣವೇ ಹಾಗೆ, ಹಠಾತ್ತನೆ ಎಳೆದಷ್ಟೂ ಗಟ್ಟಿಯಾಗಿ ಹಿಡಿಯುತ್ತದೆ, ನಿಧಾನವಾಗಿ ಎಳೆದರೆ ಜಗ್ಗುತ್ತದೆ, ಬಿಸಿ ಮಾಡಿದರೆ ಮೆತ್ತಗಾಗುತ್ತದೆ. ಸ್ಕ್ರೂಡ್ರೈವರ್ ತೂರಿಸಿ ಮೀಟಿದಾಗ ಟೇಪ್ ಬಿಡುವ ಮೊದಲೇ ಬಣ್ಣ ಬಿಡುವುದು ಇದೇ ಕಾರಣಕ್ಕೆ. ಫೋಮನ್ನು ನಡುವೆ ಸೀಳಿಬಿಟ್ಟರೆ ಫೋಮಿನ ಒಂದು ಭಾಗ ಲೋಗೋ ಜೊತೆ ಬರುತ್ತದೆ, ಇನ್ನೊಂದು ಭಾಗ ಬಾಡಿ ಮೇಲೆ ಉಳಿಯುತ್ತದೆ, ಬಣ್ಣದ ಮೇಲೆ ಜಗ್ಗಾಟವೇ ಬೀಳುವುದಿಲ್ಲ.

ಕೈ ಹಾಕುವ ಮೊದಲು ಲೋಗೋ ಹೇಗೆ ಕೂತಿದೆ ಎಂದು ನೋಡಿಕೊಳ್ಳಿ. ಡಿಕ್ಕಿ ಮೇಲಿನ ಮಾಡೆಲ್ ಹೆಸರು, ವೇರಿಯಂಟ್ ಅಕ್ಷರಗಳು, ಫೆಂಡರ್ ಬ್ಯಾಡ್ಜ್ ಸಾಮಾನ್ಯವಾಗಿ ಬರೀ ಟೇಪ್ ಮೇಲೆ ನಿಂತಿರುತ್ತವೆ. ಡಿಕ್ಕಿ ನಡುವಿನ ದೊಡ್ಡ ಲೋಗೋಗೆ ಟೇಪಿನ ಜೊತೆ ಎರಡು ಅಥವಾ ಮೂರು ಪ್ಲಾಸ್ಟಿಕ್ ಪಿನ್‌ಗಳೂ ಇರಬಹುದು, ಅವು ಶೀಟ್‌ನಲ್ಲಿ ಕೊರೆದ ತೂತುಗಳಲ್ಲಿ ಕೂತಿರುತ್ತವೆ. ಡಿಕ್ಕಿ ಬಾಗಿಲಿನ ಒಳಗಿನ ಲೈನಿಂಗ್ ಸ್ವಲ್ಪ ಸರಿಸಿ ಟಾರ್ಚ್ ಬಿಟ್ಟರೆ ಗೊತ್ತಾಗುತ್ತದೆ. ಮುಂದಿನ ಗ್ರಿಲ್ ಲೋಗೋ ಹೆಚ್ಚಾಗಿ ಕ್ಲಿಪ್ ಅಥವಾ ಸ್ಕ್ರೂ ಮೇಲೆ ನಿಂತಿರುತ್ತದೆ, ಅದನ್ನು ಹಿಂದಿನಿಂದಲೇ ಬಿಚ್ಚಬೇಕು. ಹೊಸ ಕಾರುಗಳಲ್ಲಿ ಇನ್ನೊಂದು ಎಚ್ಚರ ಬೇಕು. ಡ್ರೈವರ್‌ಗೆ ನೆರವಾಗುವ ರೇಡಾರ್ ಕೆಲವು ಮಾಡೆಲ್‌ಗಳಲ್ಲಿ ಮುಂದಿನ ಲೋಗೋ ಹಿಂದೆಯೇ ಇರುತ್ತದೆ. ಅಂಥ ಲೋಗೋ ಬರೀ ಅಲಂಕಾರವಲ್ಲ, ರೇಡಾರ್ ಅಲೆಗಳು ಅದರ ಮೂಲಕವೇ ಹಾಯಬೇಕು. ಅದಕ್ಕೆ ಶಾಖ ಕೊಡುವುದಾಗಲಿ, ಅಂಗಡಿಯಲ್ಲಿ ಸಿಗುವ ಬೇರೆ ಲೋಗೋ ತಂದು ಹಾಕುವುದಾಗಲಿ ಬೇಡವೇ ಬೇಡ. ಅದು ಕಂಪನಿ ಸರ್ವಿಸ್ ಸೆಂಟರ್‌ನ ಕೆಲಸ.

ಆಮೇಲೆ ಬಣ್ಣದ ಜಾತಕ. ಕಾರ್ಖಾನೆಯ ಬಣ್ಣವನ್ನು ಸುಮಾರು 140 ಡಿಗ್ರಿಯಲ್ಲಿ ಬೇಯಿಸಿರುತ್ತಾರೆ, ಬಾಡಿ ಶಾಪ್ ಬೂತ್‌ನಲ್ಲಿ 60 ಡಿಗ್ರಿಯ ಆಸುಪಾಸು. ರಸ್ತೆ ಬದಿಯ ಗ್ಯಾರೇಜಿನಲ್ಲಿ ಹೊಡೆದಿದ್ದಾದರೆ ಬರೀ ಗಾಳಿಯಲ್ಲಿ ಒಣಗಿದ್ದು. ಲೋಗೋ ತೆಗೆಯುವಾಗ ಎದ್ದುಬರುವ ಬಣ್ಣ ಬಹುಪಾಲು ಆಮೇಲೆ ಹೊಡೆದದ್ದೇ ಆಗಿರುತ್ತದೆ. ಸೆಕೆಂಡ್ ಹ್ಯಾಂಡ್ ಗಾಡಿ ತೆಗೆದುಕೊಂಡವರು ಇದನ್ನು ನೋಡಲೇಬೇಕು. ಡಿಕ್ಕಿಯ ರಬ್ಬರ್ ಬೀಡಿಂಗ್ ಎತ್ತಿ ಅದರ ಕೆಳಗೆ ಸ್ಪ್ರೇ ನಿಂತ ಗೆರೆ ಇದೆಯೇ, ಹಿಂಜ್ ಬೋಲ್ಟ್‌ಗಳ ಮೇಲೆ ಸ್ಪ್ಯಾನರ್ ಗುರುತು ಇದೆಯೇ ನೋಡಿ. ಬಣ್ಣದ ದಪ್ಪ ಅಳೆಯುವ ಪೇಂಟ್ ಗೇಜ್ ಸಿಕ್ಕರೆ ಇನ್ನೂ ಒಳ್ಳೆಯದು. ಕಾರ್ಖಾನೆಯ ಬಣ್ಣ ಒಟ್ಟು 100ರಿಂದ 130 ಮೈಕ್ರಾನ್‌ನಷ್ಟು ಇರುವುದು ಸಾಮಾನ್ಯ. 200 ದಾಟಿದರೆ ಮತ್ತೆ ಪೇಂಟ್ ಆಗಿದೆ ಎಂದುಕೊಳ್ಳಿ, ಅದಕ್ಕೂ ಬಹಳ ಮೇಲೆ ಹೋದರೆ ಕೆಳಗೆ ಪುಟ್ಟಿ ಇದೆ. ಸಾಮಾನ್ಯ ಗೇಜ್ ಲೋಹದ ಮೇಲಷ್ಟೇ ಓದುತ್ತದೆ, ಪ್ಲಾಸ್ಟಿಕ್ ಬಂಪರ್ ಮೇಲೆ ಅಲ್ಲ. ಪುಟ್ಟಿ ಇರುವ ಕಡೆ ಶಾಖ ಹೆಚ್ಚಾದರೆ ಬಣ್ಣ ಗುಳ್ಳೆ ಏಳುತ್ತದೆ. ಹಾಗಾಗಿ ಅಂಥ ಪ್ಯಾನೆಲ್ ಮೇಲೆ ಶಾಖ ಕಡಿಮೆ, ದಾರದ ಕೆಲಸ ಹೆಚ್ಚು.

ಬೇಕಾಗುವ ಸಾಮಾನು ಜಾಸ್ತಿ ಏನಿಲ್ಲ. ಹೇರ್ ಡ್ರೈಯರ್, 0.4ರಿಂದ 0.5 ಮಿಲಿಮೀಟರ್ ದಪ್ಪದ ನೈಲಾನ್ ಗಾಳದ ದಾರ, ಮಾಸ್ಕಿಂಗ್ ಟೇಪ್, ಬಟರ್ ಪೇಪರ್, ಮೂರ್ನಾಲ್ಕು ಮೈಕ್ರೋಫೈಬರ್ ಬಟ್ಟೆ, ಐಸೊಪ್ರೊಪೈಲ್ ಆಲ್ಕೋಹಾಲ್, ಒಳ್ಳೆಯ ಅಕ್ರಿಲಿಕ್ ಫೋಮ್ ಟೇಪ್. ಗಾಳಿಪಟದ ಮಾಂಜಾ ಮಾತ್ರ ಮುಟ್ಟಬೇಡಿ. ಅದಕ್ಕೆ ಗಾಜಿನ ಪುಡಿ ಹಚ್ಚಿರುತ್ತಾರೆ, ಫೋಮ್ ಜೊತೆ ಕ್ಲಿಯರ್ ಕೋಟನ್ನೂ ಕೊಯ್ಯುತ್ತದೆ.

ಮೊದಲು ಲೋಗೋ ಸುತ್ತಮುತ್ತ ಕಾರ್ ಶಾಂಪೂ ಹಾಕಿ ಚೆನ್ನಾಗಿ ತೊಳೆಯಿರಿ. ನಮ್ಮೂರಿನ ಮೆಟ್ರೋ ಕೆಲಸ, ಕಟ್ಟಡದ ಕೆಲಸ, ರಸ್ತೆ ಅಗೆತದ ಧೂಳೆಲ್ಲ ಅಕ್ಷರಗಳ ಸಂದಿಯಲ್ಲಿ ಸೇರಿಕೊಂಡಿರುತ್ತದೆ. ಆ ಮರಳಿನ ಮೇಲೆ ದಾರ ಎಳೆದರೆ ಉಪ್ಪುಕಾಗದ ತಿಕ್ಕಿದಂತೆಯೇ. ಮೆತ್ತನೆಯ ಟೂತ್‌ಬ್ರಷ್‌ನಿಂದ ಸಂದಿ ಸಂದಿ ಉಜ್ಜಿ. ಆಯುಧಪೂಜೆಗೆ ಹಚ್ಚಿದ ಅರಿಶಿನ ಕುಂಕುಮ ಅಲ್ಲೇ ಕೂತಿದ್ದರೆ ಅದೂ ಈಗಲೇ ಹೋಗಬೇಕು. ತೊಳೆದ ಮೇಲೆ ಪೂರ್ತಿ ಒರೆಸಿ ಒಣಗಿಸಿ. ಬೋರ್‌ವೆಲ್ ನೀರು ಉಳಿದಿರುವಾಗ ಡ್ರೈಯರ್ ಹಿಡಿದರೆ ಬಿಳಿ ಕಲೆ ಕೂರುತ್ತದೆ, ಆಮೇಲೆ ಸುಲಭಕ್ಕೆ ಹೋಗುವುದಿಲ್ಲ.

ಮುಂದಿನ ಹೆಜ್ಜೆ ಅಳತೆ. ಎಲ್ಲರೂ ಹಾರಿಸುವುದು ಇದನ್ನೇ, ಕೊನೆಗೆ ಪರದಾಡುವುದೂ ಇದಕ್ಕೇ. ಫೋಟೋ ತೆಗೆದುಕೊಂಡರೆ ಸಾಲದು. ಬಟರ್ ಪೇಪರನ್ನು ಲೋಗೋ ಮೇಲೆ ಹಾಸಿ, ನಾಲ್ಕೂ ಕಡೆ ಮಾಸ್ಕಿಂಗ್ ಟೇಪ್‌ನಿಂದ ಬಿಗಿಯಾಗಿ ಅಂಟಿಸಿ, ಪೆನ್ಸಿಲ್ ಮಲಗಿಸಿ ಉಜ್ಜಿದರೆ ಅಕ್ಷರಗಳ ಅಂಚು ಕಾಗದದ ಮೇಲೆ ಮೂಡುತ್ತದೆ. ಅದೇ ಕಾಗದದ ಮೇಲೆ ಡಿಕ್ಕಿ ಬಾಗಿಲಿನ ಅಂಚನ್ನೂ ಹತ್ತಿರದ ಬಾಡಿ ಗೆರೆಯನ್ನೂ ಸೇರಿಸಿ ಉಜ್ಜಿಕೊಳ್ಳಿ. ಅಂಟಿಸುವಾಗ ಕಾಗದವನ್ನು ಅದೇ ಜಾಗಕ್ಕೆ ತಂದು ಕೂರಿಸಲು ಆ ಎರಡು ಗೆರೆಗಳೇ ಆಧಾರ. ರಸಮಟ್ಟ ಇಟ್ಟು ನೇರ ನೋಡುವವರಿದ್ದಾರೆ, ಅದು ನಂಬಿಕೆಗೆ ಬರುವುದಿಲ್ಲ. ಪಾರ್ಕಿಂಗ್ ನೆಲ ಇಳಿಜಾರಾಗಿರುತ್ತದೆ, ಎಷ್ಟೋ ಕಾರುಗಳಲ್ಲಿ ಅಕ್ಷರಗಳ ಸಾಲೇ ಬಾಗಿಲಿನ ಬಾಗಿಗೆ ತಕ್ಕಂತೆ ಸ್ವಲ್ಪ ಬಾಗಿರುತ್ತದೆ. ಲೋಗೋ ತೆಗೆದ ಜಾಗದಲ್ಲಿ ನೆರಳಿನ ಗುರುತು ಉಳಿಯುತ್ತದಲ್ಲ, ಅದೇ ಸಾಕು ಎಂದುಕೊಳ್ಳಲೂ ಬೇಡಿ. ಪಾಲಿಶ್ ಮಾಡಿದರೆ ಗುರುತೂ ಹೋಗುತ್ತದೆ, ಪೇಂಟ್ ಆದರಂತೂ ಏನೂ ಉಳಿಯುವುದಿಲ್ಲ.

ಕಾಗದ ಎತ್ತಿಟ್ಟ ಮೇಲೆ ಲೋಗೋ ಸುತ್ತ ಬಣ್ಣದ ಮೇಲೆ ಎರಡು ಪದರ ಮಾಸ್ಕಿಂಗ್ ಟೇಪ್ ಹಾಕಿ. ದಾರದ ತುದಿಗಳು ಉಜ್ಜುವುದು ಅಲ್ಲೇ.

ಈಗ ಶಾಖ. ಡ್ರೈಯರನ್ನು 10ರಿಂದ 15 ಸೆಂಟಿಮೀಟರ್ ದೂರ ಹಿಡಿದು, ಒಂದೇ ಕಡೆ ನಿಲ್ಲಿಸದೆ, ಒಂದೆರಡು ನಿಮಿಷ ಆಡಿಸಿ. 50ರಿಂದ 60 ಡಿಗ್ರಿ ಬಂದರೆ ಸಾಕು. ಅಂಗೈ ಇಟ್ಟರೆ ಸುರುಕ್ ಅನ್ನಬೇಕು, ಆದರೂ ಎರಡು ಮೂರು ಸೆಕೆಂಡ್ ತಡೆಯುವಂತಿರಬೇಕು. ಅದಕ್ಕಿಂತ ಮೇಲೆ ಹೋಗಿ ಪ್ರಯೋಜನವಿಲ್ಲ. ಲೋಗೋ ಅನ್ನುವುದು ಹೆಚ್ಚಿನಂಶ ಕ್ರೋಮ್ ಲೇಪಿಸಿದ ಎಬಿಎಸ್ ಪ್ಲಾಸ್ಟಿಕ್, 90 ಡಿಗ್ರಿ ದಾಟಿದರೆ ಸೊಟ್ಟಗಾಗಲು ಶುರುವಾಗುತ್ತದೆ. ಹೀಟ್ ಗನ್ ಹೊಸಬರಿಗೆ ಬೇಡ, ಹೆಚ್ಚಿನವುಗಳ ಕಡಿಮೆ ಸೆಟ್ಟಿಂಗ್‌ನಲ್ಲೂ ಬರುವ ಗಾಳಿ ಇದಕ್ಕೆ ಬೇಕಾದ್ದಕ್ಕಿಂತ ಎಷ್ಟೋ ಪಟ್ಟು ಬಿಸಿ. ಮಾರ್ಚ್, ಏಪ್ರಿಲ್‌ನಲ್ಲಿ ಕಪ್ಪು ಅಥವಾ ಗಾಢ ಬಣ್ಣದ ಕಾರನ್ನು ಮಧ್ಯಾಹ್ನ ಒಂದು ಗಂಟೆ ಬಿಸಿಲಿಗೆ ನಿಲ್ಲಿಸಿದರೆ ಡ್ರೈಯರಿನ ಅರ್ಧ ಕೆಲಸ ಸೂರ್ಯನೇ ಮಾಡಿಕೊಡುತ್ತಾನೆ. ಅಪಾರ್ಟ್‌ಮೆಂಟ್ ಬೇಸ್‌ಮೆಂಟಿನಲ್ಲಿ ಪ್ಲಗ್ ಪಾಯಿಂಟ್ ಇಲ್ಲದವರಿಗೆ ಇದು ನಿಜವಾಗಿಯೂ ಒಳ್ಳೆಯ ಉಪಾಯ.

ದಾರ 60ರಿಂದ 70 ಸೆಂಟಿಮೀಟರ್ ಕತ್ತರಿಸಿ ಎರಡು ತುದಿಗೂ ಗಟ್ಟಿ ಕಡ್ಡಿ ಸುತ್ತಿಕೊಳ್ಳಿ, ಬರಿಗೈಗೆ ಸುತ್ತಿದರೆ ಬೆರಳು ಕೊಯ್ಯುತ್ತದೆ. ಲೋಗೋ ಮೇಲಿನ ಒಂದು ಮೂಲೆಯ ಹಿಂದೆ ದಾರ ಸೇರಿಸಿ, ಗರಗಸ ಎಳೆದಂತೆ ಅತ್ತಿತ್ತ ಎಳೆಯುತ್ತಾ ಕೆಳಗೆ ಇಳಿಸಿ. ದಾರ ಲೋಗೋ ಬೆನ್ನಿಗೆ ತಾಗಿಕೊಂಡು ಸಾಗಬೇಕು, ಬಣ್ಣಕ್ಕೆ ತಾಗಿಕೊಂಡಲ್ಲ. ಅದಕ್ಕಾಗಿ ಎರಡು ಕೈಯನ್ನೂ ಬಾಡಿಯಿಂದ ತುಸು ಹೊರಕ್ಕೆ, ನಿಮ್ಮ ಕಡೆಗೆ ಇಟ್ಟುಕೊಳ್ಳಿ. ನಡುನಡುವೆ ಶಾಂಪೂ ನೀರು ಚಿಮುಕಿಸಿದರೆ ದಾರ ಬಿಸಿಯಾಗಿ ಕಡಿದುಹೋಗುವುದು ಕಡಿಮೆಯಾಗುತ್ತದೆ. ಎಳೆತ ಬಿಗಿಯಾಯಿತೆಂದರೆ ಟೇಪ್ ತಣಿದಿದೆ ಎಂದರ್ಥ, ಬಲ ಹಾಕಬೇಡಿ, ಮತ್ತೆ ಬಿಸಿ ಮಾಡಿ. ಎರಡು ಕಡೆ ದಾರ ಸರಿಯಾಗಿ ಒಂದೇ ಮಟ್ಟದಲ್ಲಿ ನಿಂತುಬಿಟ್ಟರೆ ಅಲ್ಲಿ ಪಿನ್ ಇದೆ. ಸುತ್ತಲಿನ ಫೋಮ್ ಎಲ್ಲ ಕೊಯ್ದ ಮೇಲೆ ಲೋಗೋವನ್ನು ಓರೆ ಮಾಡದೆ ನೇರ ಹೊರಕ್ಕೆ ಎಳೆಯಿರಿ. ಓರೆ ಮಾಡಿದರೆ ಪಿನ್ ಮುರಿಯುತ್ತದೆ, ಅದರ ಬುಡ ತೂತಿನ ಅಂಚಿನ ಬಣ್ಣವನ್ನೂ ಚಕ್ಕೆ ಎಬ್ಬಿಸುತ್ತದೆ.

ಬಿಡಿ ಅಕ್ಷರಗಳಿಗೆ ಇನ್ನಷ್ಟು ನಾಜೂಕು ಬೇಕು. ತೆಳ್ಳಗಿನ ಅಕ್ಷರ ಸ್ವಲ್ಪ ಬಾಗಿದರೂ ಕ್ರೋಮ್ ಮೇಲೆ ಕೂದಲೆಳೆಯಂಥ ಬಿರುಕು ಬೀಳುತ್ತದೆ, ಮುಂದೊಂದು ದಿನ ಕ್ರೋಮ್ ಸುಲಿಯುವುದು ಅಲ್ಲಿಂದಲೇ. ಒಂದು ಕೈಬೆರಳನ್ನು ಅಕ್ಷರದ ಮುಖದ ಮೇಲೆ ಒತ್ತಿ ಹಿಡಿದುಕೊಂಡೇ ಕೊಯ್ಯಿರಿ, ದಾರದ ಇನ್ನೊಂದು ತುದಿ ಹಿಡಿಯಲು ಜೊತೆಗೊಬ್ಬರಿದ್ದರೆ ಸಲೀಸು.

ಲೋಗೋ ಬಂದಮೇಲೆ ಬಾಡಿ ಮೇಲೆ ಅರ್ಧ ಫೋಮ್ ಉಳಿದಿರುತ್ತದೆ. ಅವಸರಪಟ್ಟು ಥಿನ್ನರ್ ಬಾಟಲಿ ಎತ್ತಿಕೊಳ್ಳಬೇಡಿ. ಮತ್ತೆ ಬೆಚ್ಚಗೆ ಮಾಡಿ, ಹೆಬ್ಬೆರಳಿನಿಂದ ಒಂದು ತುದಿ ಉರುಳಿಸಿ ಎಬ್ಬಿಸಿ, ಬಾಡಿಗೆ ಹತ್ತಿಕೊಂಡಂತೆ ಮಲಗಿಸಿ ನಿಧಾನವಾಗಿ ಎಳೆದರೆ ಒಳ್ಳೆಯ ಟೇಪ್ ರಬ್ಬರಿನ ಹಾಗೆ ಉದ್ದಕ್ಕೆ ಜಗ್ಗುತ್ತಾ ಬರುತ್ತದೆ. ಉಳಿದ ಅಂಟಿಗೆ ಟಾರ್ ರಿಮೂವರ್ ಅಥವಾ ಸ್ವಲ್ಪ ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯನ್ನು ಎರಡು ಮೂರು ನಿಮಿಷ ಹಾಗೇ ಒತ್ತಿಟ್ಟು ಆಮೇಲೆ ಒರೆಸಿ. ಈ ಹಂತಕ್ಕೆ ಬಂದಾಗ ಡ್ರೈಯರ್ ಪ್ಲಗ್ ಕಿತ್ತು ದೂರ ಇಟ್ಟಿರಬೇಕು, ಸೀಮೆಎಣ್ಣೆಯೂ ಆಲ್ಕೋಹಾಲೂ ಬೆಂಕಿ ಹಿಡಿಯುವ ಪದಾರ್ಥಗಳು. ಥಿನ್ನರ್, ಅಸಿಟೋನ್, ಪೆಟ್ರೋಲ್ ಮೂರೂ ಬೇಡ. ಕಾರ್ಖಾನೆಯ ಕ್ಲಿಯರ್ ಕೋಟ್ ಥಿನ್ನರನ್ನು ಒಂದು ಕ್ಷಣ ತಡೆದೀತು, ಗ್ಯಾರೇಜಿನಲ್ಲಿ ಹೊಡೆದದ್ದು ಕಣ್ಣೆದುರೇ ಸುಕ್ಕುಗಟ್ಟುತ್ತದೆ. ಡ್ರಿಲ್‌ಗೆ ಹಾಕುವ ರಬ್ಬರ್ ವೀಲ್ ಬಾಡಿ ಶಾಪ್‌ನಲ್ಲಿ ಬಳಸುತ್ತಾರೆ, ಕೆಲಸ ಬೇಗ ಆಗುತ್ತದೆ ನಿಜ. ಆದರೆ ಒಂದೇ ಕಡೆ ಒತ್ತಿ ಹಿಡಿದರೆ ಬಣ್ಣ ಸುಡುತ್ತದೆ. ಒಂದು ಸಣ್ಣ ಲೋಗೋಗೆ ಅದರ ಅಗತ್ಯ ಕಾಣುವುದಿಲ್ಲ.

ಅಂಟು ಹೋದ ಮೇಲೆ ಕಾಣುವ ನೆರಳಿನಲ್ಲಿ ಎರಡು ಬಗೆ. ಅಂಚಿನ ಸುತ್ತ ಕೂತ ಕೊಳೆ, ವ್ಯಾಕ್ಸ್, ನೀರಿನ ಕಲೆಯಿಂದ ಆದದ್ದು ಸಣ್ಣ ಪಾಲಿಶ್ ಹಾಕಿ ಕೈಯಿಂದ ಉಜ್ಜಿದರೆ ಹೋಗುತ್ತದೆ. ವರ್ಷಗಟ್ಟಲೆ ಬಿಸಿಲಿಗೆ ಸುತ್ತಲಿನ ಬಣ್ಣವೇ ಮಾಸಿ, ಲೋಗೋ ಅಡಿಯ ಬಣ್ಣ ಮಾತ್ರ ಹೊಸದರಂತೆ ಉಳಿದಿದ್ದರೆ ಪಾಲಿಶ್‌ನಿಂದ ಪೂರ್ತಿ ಹೋಗುವುದಿಲ್ಲ. ಬಿಳಿ, ಸಿಲ್ವರ್ ಕಾರುಗಳಲ್ಲಿ ಇದು ಅಷ್ಟಾಗಿ ಕಾಣದು, ಕೆಂಪಿನಲ್ಲಿ ಎದ್ದು ಕಾಣುತ್ತದೆ. ಹಠ ಹಿಡಿದು ರಬ್ಬಿಂಗ್ ಕಾಂಪೌಂಡ್ ತಿಕ್ಕುತ್ತಾ ಹೋಗಬೇಡಿ, ಕ್ಲಿಯರ್ ಕೋಟ್ ಇರುವುದೇ 40-50 ಮೈಕ್ರಾನ್. ಲೋಗೋ ಪೂರ್ತಿ ತೆಗೆದು ಡಿಕ್ಕಿಯನ್ನು ಸಪಾಟಾಗಿ ಬಿಡಬೇಕು ಅನ್ನುವವರು ಈ ನೆರಳನ್ನೂ ಪಿನ್ ತೂತುಗಳನ್ನೂ ಲೆಕ್ಕಕ್ಕೆ ತೆಗೆದುಕೊಂಡೇ ಹೊರಡಬೇಕು. ತೆರೆದ ತೂತಿನಿಂದ ಮಳೆನೀರು ಡಿಕ್ಕಿಯೊಳಗೆ ಇಳಿಯುತ್ತದೆ, ಕೊರೆದ ಅಂಚು ತುಕ್ಕು ಹಿಡಿಯುತ್ತದೆ. ಅದಕ್ಕೆ ರಬ್ಬರ್ ಬಿರಡೆ ಹಾಕಿ, ಇಲ್ಲವೇ ತೂತು ಮುಚ್ಚಿಸಿ ಪೇಂಟ್ ಮಾಡಿಸಿ.

ಮತ್ತೆ ಅಂಟಿಸುವ ವಿಷಯಕ್ಕೆ ಬಂದರೆ, ಎಲ್ಲವೂ ಟೇಪ್ ಮೇಲೆ ನಿಂತಿದೆ. ಸ್ಟೇಷನರಿ ಅಂಗಡಿಯಲ್ಲಿ ಸಿಗುವ ಬಿಳಿ ಸ್ಪಂಜಿನ ಡಬಲ್ ಸೈಡ್ ಟೇಪ್ ಗೋಡೆಯ ಕ್ಯಾಲೆಂಡರಿಗೆ ಸರಿ, ಬಿಸಿಲಿಗೆ ನಿಂತ ಕಾರಿಗಲ್ಲ. ತ್ರೀಎಂ ಕಂಪನಿಯ ವಿಎಚ್‌ಬಿ ಅಥವಾ ಅದರ ಆಟೋಮೋಟಿವ್ ಅಕ್ರಿಲಿಕ್ ಫೋಮ್ ಟೇಪ್ ಕೇಳಿ. ಜೆ.ಸಿ. ರಸ್ತೆಯ ಕಾರ್ ಆಕ್ಸೆಸರಿ ಅಂಗಡಿಗಳಲ್ಲಿ, ಎಸ್.ಪಿ. ರಸ್ತೆ ಕಡೆಯ ಟೇಪ್ ಅಂಗಡಿಗಳಲ್ಲಿ ವಿಚಾರಿಸಿ. ಟೇಪಿನ ಅಂಟಿನ ಮೇಲೆ ಸುಲಿದು ತೆಗೆಯುವ ಕೆಂಪು ಕಾಗದ ಇದ್ದ ಮಾತ್ರಕ್ಕೆ ಅಸಲಿ ಎನ್ನಲಾಗದು. ಒಂದು ಇಂಚು ತುಂಡು ಮಾಡಿ ಕಾಗದ ಬಿಚ್ಚಿ ಎಳೆದು ನೋಡಿ. ಅಕ್ರಿಲಿಕ್ ಫೋಮ್ ಮೂಲ ಉದ್ದದ ಎಷ್ಟೋ ಪಟ್ಟು ಜಗ್ಗಿ ನಿಧಾನವಾಗಿ ಹಿಂದಕ್ಕೆ ಬರುತ್ತದೆ, ನಕಲಿ ಸ್ಪಂಜು ಪಟಕ್ಕನೆ ಹರಿಯುತ್ತದೆ.

ದಪ್ಪದ ಲೆಕ್ಕ ತಪ್ಪಿದರೆ ಎಂಥ ಟೇಪ್ ತಂದರೂ ವ್ಯರ್ಥ. ಲೋಗೋ ಬೆನ್ನನ್ನು ತಿರುಗಿಸಿ ನೋಡಿ. ಎಷ್ಟೋ ಲೋಗೋಗಳಿಗೆ ಸುತ್ತ ಒಂದು ಏಣು ಇದ್ದು ಒಳಭಾಗ ತಗ್ಗಾಗಿರುತ್ತದೆ. ಟೇಪ್ ಆ ಏಣಿಗಿಂತ 0.3ರಿಂದ 0.5 ಮಿಲಿಮೀಟರ್‌ನಷ್ಟಾದರೂ ಹೊರಗೆ ಉಬ್ಬಿರಬೇಕು. ಇಲ್ಲದಿದ್ದರೆ ಒತ್ತಿದಾಗ ಏಣು ಬಣ್ಣಕ್ಕೆ ತಾಗಿ ನಿಂತುಬಿಡುತ್ತದೆ, ಟೇಪ್ ಬಾಡಿಗೆ ಸರಿಯಾಗಿ ಮುಟ್ಟುವುದೇ ಇಲ್ಲ. ಅಂಗಡಿಯಿಂದ ತಂದ ಹೊಸ ಟೇಪಿನಲ್ಲೂ ಲೋಗೋ ಬಿದ್ದುಹೋಗುವುದಕ್ಕೆ ಇದೊಂದು ದೊಡ್ಡ ಕಾರಣ. ಚಪ್ಪಟೆ ಬೆನ್ನಿಗೆ 0.8 ಮಿಲಿಮೀಟರ್ ಸಾಕು, ತಗ್ಗಿರುವುದಕ್ಕೆ 1.1 ಅಥವಾ 1.5. ಹೊಸ ಬ್ಲೇಡಿನಿಂದ ಅಂಚಿಗಿಂತ ಒಂದು ಮಿಲಿಮೀಟರ್ ಒಳಗೆ ಬರುವಂತೆ ಕತ್ತರಿಸಿ, ತುಂಡಿನ ಪಕ್ಕ ತುಂಡು ಕೂರಿಸಿ, ಒಂದರ ಮೇಲೊಂದು ಹತ್ತಬಾರದು. ಕತ್ತರಿಸುವ ಕೆಲಸವೆಲ್ಲ ಮೇಜಿನ ಮೇಲೆ ಮುಗಿಯಲಿ, ಕಾರಿನ ಹತ್ತಿರ ಬ್ಲೇಡ್ ಒಯ್ಯಲೇಬೇಡಿ. ಟೇಪ್ ಎಷ್ಟು ಬೇಕು ಎಂಬ ಚಿಂತೆ ಬೇಡ. ಒಂದು ಕಿಲೋ ತೂಕ ಹೊರಲು ಸುಮಾರು 55 ಚದರ ಸೆಂಟಿಮೀಟರ್ ಎಂಬುದು ಈ ಟೇಪ್‌ಗಳಿಗೆ ಬಳಸುವ ಲೆಕ್ಕ. 50 ಗ್ರಾಂ ಲೋಗೋಗೆ ಮೂರು ಚದರ ಸೆಂಟಿಮೀಟರ್ ಕೂಡ ಬೇಡ. ಬೀಳುವುದು ಟೇಪ್ ಕಡಿಮೆಯಾಗಿ ಅಲ್ಲ, ಮೇಲ್ಮೈ ಕೊಳಕಾಗಿ.

ಆದ್ದರಿಂದ ಶುಚಿ ಮಾಡುವುದರಲ್ಲಿ ಜಿಪುಣತನ ಬೇಡ. ಐಸೊಪ್ರೊಪೈಲ್ ಆಲ್ಕೋಹಾಲ್ ಮತ್ತು ಡಿಸ್ಟಿಲ್ಡ್ ವಾಟರ್ ಸಮ ಸಮ ಬೆರೆಸಿ, ಒಂದು ಬಟ್ಟೆಯಿಂದ ಒಂದೇ ದಿಕ್ಕಿಗೆ ಒರೆಸಿ, ಆರುವ ಮೊದಲೇ ಇನ್ನೊಂದು ಒಣ ಬಟ್ಟೆಯಿಂದ ಎತ್ತಿಕೊಳ್ಳಿ. ಹಾಗೆ ಎರಡು ಸಲ. ಲೋಗೋ ಬೆನ್ನಿಗೂ ಇದೇ. ಅದರ ಹಳೆಯ ಫೋಮನ್ನು ಬಿಸಿ ಸೋಪು ನೀರಿನಲ್ಲಿ ನೆನೆಸಿ ಪ್ಲಾಸ್ಟಿಕ್ ಕಾರ್ಡಿನಿಂದ ತೆಗೆಯಿರಿ, ಥಿನ್ನರ್‌ನಲ್ಲಿ ಮುಳುಗಿಸಿದರೆ ಎಬಿಎಸ್ ಬಿರುಕು ಬಿಡುತ್ತದೆ. ಆಲ್ಕೋಹಾಲ್ ಬದಲು ಹ್ಯಾಂಡ್ ಸ್ಯಾನಿಟೈಸರ್ ಬಳಸಬೇಡಿ, ಅದರಲ್ಲಿರುವ ಗ್ಲಿಸರಿನ್ ಜಿಡ್ಡಾಗಿ ಉಳಿಯುತ್ತದೆ. ಡ್ಯಾಶ್‌ಬೋರ್ಡ್ ಪಾಲಿಶ್ ಹಚ್ಚಿದ ಬಟ್ಟೆಯೂ ಹತ್ತಿರ ಬರಬಾರದು, ಅದರ ಸಿಲಿಕೋನ್ ಅಂಟಿನ ಶತ್ರು. ಈಗ ಊರಿನ ಮೂಲೆ ಮೂಲೆಯಲ್ಲೂ ಸೆರಾಮಿಕ್ ಕೋಟಿಂಗ್ ಮಾಡುತ್ತಾರೆ. ಆ ಪದರದ ಮೇಲೆ ಟೇಪ್ ಸರಿಯಾಗಿ ಹಿಡಿಯದು, ಆಲ್ಕೋಹಾಲ್‌ಗೂ ಅದು ಹೋಗದು. ಲೋಗೋ ಕೂರುವ ಜಾಗದಲ್ಲಿ ಪಾಲಿಶ್ ಹಾಕಿ ಅದನ್ನು ತೆಗೆಯಬೇಕು, ಅಥವಾ ಲೋಗೋ ಅಂಟಿಸಿದ ಮೇಲೆಯೇ ಕೋಟಿಂಗ್‌ಗೆ ಕೊಡಬೇಕು. ಹೊಸದಾಗಿ ಪೇಂಟ್ ಆಗಿದ್ದರೆ, ಬೂತ್‌ನಲ್ಲಿ ಬೇಯಿಸಿದ್ದಕ್ಕೆ ಎರಡು ಮೂರು ದಿನ, ಗಾಳಿಯಲ್ಲಿ ಒಣಗಿದ್ದಕ್ಕೆ ಒಂದು ವಾರಕ್ಕಿಂತ ಹೆಚ್ಚು ಬಿಟ್ಟು ಅಂಟಿಸುವುದು ಕ್ಷೇಮ. ಪೇಂಟರ್ ಇನ್ನೂ ಹೆಚ್ಚು ದಿನ ಹೇಳಿದರೆ ಅವರ ಮಾತೇ ನಡೆಯಲಿ.

ಅಂಟಿಸಲು 21ರಿಂದ 38 ಡಿಗ್ರಿ ಹವೆ ಸೂಕ್ತ. ಡಿಸೆಂಬರ್ ಬೆಳಗಿನ ಚಳಿಯಲ್ಲಿ ಬೇಡ, ಬಿಸಿಲೇರಿದ ಮೇಲೆ ಮಾಡಿ. ಜಿಟಿಜಿಟಿ ಮಳೆ ಹಿಡಿದ ದಿನವಾದರೆ ಪ್ಯಾನೆಲ್ಲನ್ನು ಡ್ರೈಯರಿನಿಂದ ಬೆಚ್ಚಗೆ ಮಾಡಿ ಒಣಗಿಸಿಕೊಳ್ಳಿ. ಬಟರ್ ಪೇಪರಿನಿಂದ ಲೋಗೋ ಆಕಾರ ಕತ್ತರಿಸಿ ತೆಗೆದು, ಆ ಕಿಟಕಿಯನ್ನು ಹಳೆಯ ಗೆರೆಗಳಿಗೆ ಹೊಂದಿಸಿ ಬಾಡಿಗೆ ಅಂಟಿಸಿ. ಟೇಪಿನ ಕೆಂಪು ಕಾಗದವನ್ನು ಪೂರ್ತಿ ಬಿಚ್ಚದೆ ಎರಡು ತುದಿಯಲ್ಲಿ ಒಂದು ಸೆಂಟಿಮೀಟರ್ ಸುಲಿದು ಹೊರಕ್ಕೆ ಮಡಚಿಕೊಳ್ಳಿ. ಲೋಗೋ ಸರಿಯಾಗಿ ಕೂತಿದೆ ಎಂದು ಎರಡು ಹೆಜ್ಜೆ ಹಿಂದೆ ಹೋಗಿ ನೋಡಿದ ಮೇಲೆ ತುದಿಗಳನ್ನು ಮೆಲ್ಲಗೆ ತಾಗಿಸಿ, ಮಡಚಿದ ಕಾಗದವನ್ನು ಪಕ್ಕಕ್ಕೆ ಎಳೆದುಬಿಡಿ. ಸ್ಟಿಕ್ಕರ್ ಅಂಟಿಸುವಾಗ ಸೋಪು ನೀರು ಹಾಕಿ ಜಾರಿಸುವ ವಿದ್ಯೆ ಇಲ್ಲಿ ನಡೆಯುವುದಿಲ್ಲ. ಈ ಟೇಪ್ ಒಮ್ಮೆ ಹಿಡಿದರೆ ಹಿಡಿಯಿತು. ಆಮೇಲೆ ಬಟ್ಟೆ ಮಡಚಿ ಹೆಬ್ಬೆರಳಿನಿಂದ ಒಂದೊಂದು ಭಾಗವನ್ನೂ 15 ಸೆಕೆಂಡ್ ಬಲವಾಗಿ ಒತ್ತಿ, ಪ್ರತಿ ಚದರ ಸೆಂಟಿಮೀಟರ್‌ಗೆ ಒಂದು ಕಿಲೋ ಭಾರ ಬೀಳುವಷ್ಟು. ಗುದ್ದುವುದು ಬೇಡ, ಡಿಕ್ಕಿ ಶೀಟ್ ತೆಳುವಾದದ್ದು.

ಮಾಮೂಲಿ ಹವೆಯಲ್ಲಿ 20 ನಿಮಿಷಕ್ಕೆ ಅಂಟಿನ ಅರ್ಧ ಬಲ ಬರುತ್ತದೆ, 24 ಗಂಟೆಗೆ ಶೇಕಡ 90, ಪೂರ್ತಿ ಬಲ 72 ಗಂಟೆಗೆ. ಅಲ್ಲಿಯತನಕ ನೀರು ಹಾಕಬೇಡಿ. ಬೆಳಗ್ಗೆ ಬಕೆಟ್ ಹಿಡಿದು ಕಾರ್ ಒರೆಸಲು ಬರುವವರಿಗೆ ಹಿಂದಿನ ರಾತ್ರಿಯೇ ಹೇಳಿಟ್ಟಿರಿ. ಆಮೇಲೂ ವಾಟರ್ ಸರ್ವಿಸ್‌ನ ಪ್ರೆಶರ್ ಗನ್ ಲೋಗೋ ಅಂಚಿಗೆ ಓರೆಯಾಗಿ ಹತ್ತಿರದಿಂದ ಬೀಳದ ಹಾಗೆ ನೋಡಿಕೊಳ್ಳಿ, ಒಂದಡಿಯಾದರೂ ದೂರ ಇರಲಿ. ಹಬ್ಬದಲ್ಲಿ ಹೂವಿನ ಹಾರವನ್ನು ಅಕ್ಷರಗಳಿಗೆ ಸಿಕ್ಕಿಸಿ ಕಟ್ಟುವ ಬದಲು ಬಾನೆಟ್ ಸಂದಿಗೆ ಕಟ್ಟಿ. ದಿನವಿಡೀ ಜೋತು ಬೀಳುವ ಸಣ್ಣ ಭಾರಕ್ಕೇ ಈ ಫೋಮ್ ನಿಧಾನವಾಗಿ ಸೋಲುವುದು.

ಒಂದು ವಾರ ಬಿಟ್ಟು ಅಂಚಿನ ಸುತ್ತ ಉಗುರು ಆಡಿಸಿ ನೋಡಿ. ಯಾವುದಾದರೂ ಮೂಲೆ ಎದ್ದಿದ್ದರೆ ಫೆವಿಕ್ವಿಕ್ ಹನಿ ಬಿಟ್ಟು ಮುಗಿಸಲು ಹೋಗಬೇಡಿ. ಅದು ಗಾಜಿನಂತೆ ಗಡುಸಾಗಿ ಅಂಟಿಕೊಳ್ಳುತ್ತದೆ, ಕ್ರೋಮ್ ಸುತ್ತ ಬಿಳಿ ಮಂಜು ಕಟ್ಟುತ್ತದೆ, ದಾರಕ್ಕೂ ಜಗ್ಗದು, ಮುಂದಿನ ಸಲ ತೆಗೆಯುವಾಗ ಬಣ್ಣದ ಚಕ್ಕೆ ಜೊತೆಗೇ ಬರುತ್ತದೆ. ಲೋಗೋ ಬೆಚ್ಚಗೆ ಮಾಡಿ, ದಾರ ಹಾಕಿ ತೆಗೆದು, ಹೊಸ ಟೇಪ್‌ನಿಂದ ಮತ್ತೊಮ್ಮೆ ಅಂಟಿಸಿ.